ರೈಟ್ ಅಂದಳು, ಹೊರಟುಬಿಟ್ಟೆ

ಮೊನ್ನೆ ನಮ್ಮ ಶಿಕಾರಿಪುರದ ಫಿಸಿಯೋಥೆರಪಿ ಕೇಂದ್ರದವರು ಫೋನ್ ಮಾಡಿ, "ಕಂಡಕ್ಟ್ರೇ, ಹೊಸ ಬ್ಯಾಚಿನ ಹುಡುಗ್ರು ಬಂದಾರೆ. ನಿಮ್ಮ ಅನುಭವ ಒಂದೆರಡು ಮಾತು ಹೇಳ್ರೀ" ಅಂದರು. ಹೋದೆ. ಎದ್ದು ನಿಂತೆ. "ನನಗೆ ಲಕ್ವ ಹೊಡೆದಿತ್ತು. ಈಗ ಅಡ್ಡಿಯಿಲ್ಲ" ಅಂದೆ. ಅಷ್ಟೇ. ಮುಂದಕ್ಕೆ ಬಾಯಿ ಹೊರಳಲಿಲ್ಲ. ಈ ಸಲ ಅದು ಲಕ್ವದ ಕಾಟವಲ್ಲ. ಬಿಳಿ ಕೋಟು ಹಾಕಿಕೊಂಡು ಎದುರಿಗೆ ಕೂತಿದ್ದ ಆರೇಳು ಮುಖಗಳಲ್ಲಿ ನಾನು ಒಂದು ಮುಖ ಹುಡುಕುತ್ತಿದ್ದೆ. ಅದು ಅಲ್ಲಿರುವುದಾದರೂ ಹೇಗೆ? ಅವಳು ತನ್ನ ದೇಶಕ್ಕೆ ಹೋಗಿ ಎರಡು ವರ್ಷವಾಯಿತು. ಅವತ್ತು ಆ ಮಕ್ಕಳಿಗೆ ಹೇಳಲಾಗದ್ದನ್ನು ಈಗ ಮನೆಯಲ್ಲಿ ಕೂತು ಎಡಗೈಯಲ್ಲಿ ಬರೆಯುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ಬರೆಯಲೇನು ಅಂತ ಫೋನಿನಲ್ಲಿ ಕೇಳಿದ್ದೆ. "ಬೇಡ ಅಂಕಲ್, ನನ್ನ ಹೆಸರು ನೀವು ಒಂದು ದಿನಾನೂ ಸರಿಯಾಗಿ ಹೇಳಿಲ್ಲ. ಬರೆದರೆ ಇನ್ನೂ ಕೆಡ್ತದೆ" ಅಂತ ನಕ್ಕಳು. ಮಾತು ನಿಜ. ನನ್ನ ಬಾಯಲ್ಲಿ ಅವಳ ಹೆಸರು ಮೊದಲಿಂದಲೂ ಸೊಟ್ಟಗೇ ಬರುತ್ತಿತ್ತು, ಲಕ್ವ ಹೊಡೆಯುವುದಕ್ಕೆ ಮೊದಲೂ.

ಕೀನ್ಯಾ ದೇಶದ ಹುಡುಗಿ. ದಾವಣಗೆರೆಯ ಒಂದು ಕಾಲೇಜಿನಲ್ಲಿ, ವಿದೇಶದ ಮಕ್ಕಳದೇ ಹಾಸ್ಟೆಲಿನಲ್ಲಿದ್ದು ಇಂಗ್ಲಿಷಿನಲ್ಲೇ ಫಿಸಿಯೋಥೆರಪಿ ಓದುತ್ತಿದ್ದಳು. ಕೊನೆಗೆ ಆರು ತಿಂಗಳು ಇಂಟರ್ನ್‌ಶಿಪ್ ಅಂತ ಹಳ್ಳಿ ಕಡೆಯ ಕೇಂದ್ರದಲ್ಲಿ ಕೆಲಸ ಮಾಡಬೇಕು, ಅದು ಮುಗಿದರೇ ಡಿಗ್ರಿ. ಹಾಗೆ ನಮ್ಮೂರಿಗೆ ಬಂದವಳು. ಬಂದವಳಿಗೆ ಯಾರೂ ರೂಮು ಕೊಡಲಿಲ್ಲ. 'ಮನೆ ಬಾಡಿಗೆಗಿದೆ' ಅನ್ನುವ ಬೋರ್ಡು ಬಾಗಿಲಲ್ಲಿ ನೇತಾಡುತ್ತಿರುವಾಗಲೇ "ನಿನ್ನೆ ಕೊಟ್ಟುಬಿಟ್ವಿ ನೋಡವ್ವಾ" ಅಂದವರಿದ್ದರು. ನಮ್ಮ ಮಾಳಿಗೆ ಮೇಲಿನ ಕೋಣೆ ಖಾಲಿ ಇತ್ತು. ನಾನೇನೋ ದೊಡ್ಡ ಮನಸ್ಸು ಮಾಡಿ ಕೊಟ್ಟೆ ಅಂತ ಯಾರೂ ತಿಳಿಯಬೇಡಿ. ಕೇಂದ್ರದ ದೊಡ್ಡ ಮೇಡಂ ದಿನಾ ನನ್ನ ಬಸ್ಸಿಗೆ ಬರುವವರು. ಅವರು ಕೇಳಿದಾಗ ಇಲ್ಲ ಅನ್ನಲು ಮುಖ ಬರಲಿಲ್ಲ. ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಖಾಸಗಿ ಬಸ್ಸಿನಲ್ಲಿ ಮೂವತ್ತೊಂದು ವರ್ಷ ಕಂಡಕ್ಟರಾಗಿದ್ದವನು ನಾನು. ಊರಲ್ಲಿ ನನ್ನ ಹೆಸರು ಎಷ್ಟೋ ಜನಕ್ಕೆ ಗೊತ್ತಿಲ್ಲ, ಕಂಡಕ್ಟ್ರು ಅಂದರೆ ಸಾಕು.

ನನ್ನ ಹೆಂಡತಿ ಸೊರಬದಾಚೆ ಉಳವಿಯವಳು. "ಎಂತ ಮಾರಾಯ್ರೆ ನೀವು, ಒಂದು ಮಾತು ಕೇಳಬಾರದಾ? ಅವಳು ಏನು ತಿಂತಾಳೋ, ಹೆಂಗಿರ್ತಾಳೋ" ಅಂತ ಒಂದು ವಾರ ಮುಖ ಊದಿಸಿಕೊಂಡಳು. ಮಾಳಿಗೆಯ ಹುಡುಗಿ ಸ್ನಾನಕ್ಕೆ ಮೇಲಿಂದ ನೀರು ಬೀಳುವ ನಲ್ಲಿ ಹುಡುಕಿದಳು. ಹೆಂಡತಿ ಮಾತಿಲ್ಲದೆ ಒಂದು ಬಕೆಟ್ಟು, ಒಂದು ಚೊಂಬು ತಂದು ಮುಂದಿಟ್ಟಳು. ಎರಡನೆಯ ದಿನ ಹುಡುಗಿ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಬಿಳಿ ಕೋಟನ್ನು ಕುಕ್ಕಿ ಕುಕ್ಕಿ ಗುಂಡಿ ಒಡೆದುಕೊಂಡಳು. ಮೂರನೆಯ ದಿನ ಹೆಂಡತಿ ತಾನೇ ಹೋಗಿ, ಗುಂಡಿಯನ್ನು ಒಳಮಗ್ಗುಲಿಗೆ ಮಡಚಿ ಒಗೆಯುವುದನ್ನು ತೋರಿಸಿಕೊಟ್ಟು ಬಂದಳು. ಅಲ್ಲಿಗೆ ಮುಖ ಊದಿಸಿದ್ದು ಇಳಿಯಿತು.

ನಮ್ಮ ಬೀದಿಗೆ ನಲ್ಲಿ ನೀರು ಬರುವುದು ದಿನ ಬಿಟ್ಟು ದಿನ, ಅದೂ ಬೆಳಗ್ಗೆ. ಬಂದದ್ದು ಗೊತ್ತಾಗದೆ ಮಲಗಿದರೆ ಎರಡು ದಿನ ಪರದಾಟ. ಈ ಹುಡುಗಿ ಐದೂವರೆಗೇ ಎದ್ದು ಓದುತ್ತಿದ್ದಳು. ನಲ್ಲಿ ಸೊಂಯ್ ಅಂದ ಕೂಡಲೇ ಬಕೆಟ್ ಹಿಡಿದು ದಡದಡ ಮೆಟ್ಟಿಲಿಳಿಯುತ್ತಾ "ಅಮ್ಮಾ, ನೀರು ಬಂತೂ!" ಅಂತ ಕೂಗುತ್ತಿದ್ದಳು. ತಪ್ಪಿಲ್ಲದೆ ಅವಳು ಆಡಿದ ಮೊದಲ ಕನ್ನಡ ಅದು. ಆ ಕೂಗಿಗೆ ಅಕ್ಕಪಕ್ಕದ ನಾಲ್ಕು ಮನೆ ಎದ್ದು ಕೊಡ ಹಿಡಿಯುತ್ತಿತ್ತು. ಅವಳನ್ನು ಕಂಡರೆ ಬಾಗಿಲು ಮರೆಗೆ ಸರಿಯುತ್ತಿದ್ದ ಎದುರು ಮನೆ ಗೌಡ್ತಿಯೇ ಒಂದು ದಿನ ಅವಳು ರಾತ್ರಿ ಸೊರಬದ ಕಡೆಯೇ ಉಳಿದಿದ್ದಾಗ, "ಏನ್ರೀ, ನಿಮ್ಮ ಹುಡುಗಿ ಇಲ್ಲೇನು ಇವತ್ತು? ನೀರು ಬಂದಿದ್ದೇ ತಿಳೀಲಿಲ್ಲ" ಅಂತ ನಮ್ಮನ್ನೇ ಬಯ್ದಳು.

ಭಾನುವಾರ ತಲೆ ಬಿಚ್ಚಿ ಸಣ್ಣ ಸಣ್ಣ ಜಡೆ ಹೆಣೆದುಕೊಳ್ಳಲು ಅವಳಿಗೆ ಅರ್ಧ ದಿನ ಬೇಕಾಗುತ್ತಿತ್ತು. ಹೆಣೆಯುತ್ತಲೇ ಊರಿಗೆ ವಿಡಿಯೋ ಕಾಲ್ ಮಾಡುತ್ತಿದ್ದಳು. ಅವಳ ತಾಯಿ ಅಲ್ಲಿ ಯಾವುದೋ ಶಾಲೆಯಲ್ಲಿ ಅಡುಗೆ ಮಾಡುವ ಹೆಂಗಸು. ಫೋನು ನನ್ನ ಹೆಂಡತಿಯ ಕೈಗೂ ಬರುತ್ತಿತ್ತು. ಇವಳು ಕನ್ನಡದಲ್ಲಿ, ಆಕೆ ಅವರ ಭಾಷೆಯಲ್ಲಿ, ಹತ್ತು ಹತ್ತು ನಿಮಿಷ ಮಾತಾಡುತ್ತಿದ್ದರು. "ಏನಂದ್ರೇ?" ಅಂತ ಕೇಳಿದರೆ, "ಮಗಳು ಸೊರಗಿದಾಳೆ ಅಂತಾರೆ, ಮತ್ತಿನ್ನೇನು ಅಂತಾರೆ?" ಅನ್ನುತ್ತಿದ್ದಳು ನನ್ನವಳು.

ಸೊರಗಿದ್ದಂತೂ ಹೌದು. ಅನ್ನ, ರೊಟ್ಟಿ, ಪಲ್ಯ ಎಲ್ಲ ತಿನ್ನುತ್ತಿದ್ದಳು, ಆದರೆ ಮನಸ್ಸಿಟ್ಟು ತಿಂದದ್ದಲ್ಲ. ಒಂದು ದಿನ ನಾನು ಬಸ್ಸಿನಿಂದ ಇಳಿದು ಬರುವಾಗ ಗಿರಣಿಯಲ್ಲಿ ನಗು ಕೇಳಿಸಿತು. ನೋಡಿದರೆ ಇವಳು ಒಂದು ಚೀಲ ಮೆಕ್ಕೆಜೋಳ ಹಿಡಿದು ನಿಂತಿದ್ದಾಳೆ. ನಮ್ಮ ತಾಲ್ಲೂಕಿನಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಮೆಕ್ಕೆಜೋಳವೇ, ಆದರೆ ಅದೆಲ್ಲ ಲಾರಿ ಹತ್ತಿ ಕೋಳಿ ಫಾರಂಗೆ ಹೋಗುವ ಮಾಲು. ಗಿರಣಿಯವನು ವಾಡಿಕೆಯಂತೆ, "ನುಚ್ಚು ಮಾಡ್ಲೋ ಹಿಟ್ಟು ಮಾಡ್ಲೋ? ಕೋಳಿಗೋ ದನಕ್ಕೋ?" ಅಂತ ಕೇಳಿದ್ದಾನೆ. ಇವಳು ಎದೆ ಮುಟ್ಟಿಕೊಂಡು, "ನನಗೆ" ಅಂದಿದ್ದಾಳೆ. ಆ ಸಂಜೆ ನಮ್ಮ ಒಲೆಯ ಮೇಲೆ ಆ ಹಿಟ್ಟಿನ ಗಟ್ಟಿ ಮುದ್ದೆ ಕೂಡಿಸಿದಳು. ಅವರ ಊರಿನದು ಬೆಳ್ಳಗಿರುತ್ತದಂತೆ, ಇದು ಹಳದಿ. ಸೊಪ್ಪಿನ ಪಲ್ಯದ ಜೊತೆ ಮುರಿದು ಮುರಿದು ತಿನ್ನುತ್ತಾ ಅಳುತ್ತಿದ್ದಳು, ಅಳುತ್ತಾ ತಿನ್ನುತ್ತಿದ್ದಳು. ನಮಗೂ ಒಂದೊಂದು ಉಂಡೆ ಕೊಟ್ಟಳು. ರಾಗಿಮುದ್ದೆಯ ತಂಗಿ ಅನ್ನಬಹುದು, ಏನೂ ಕೆಟ್ಟದಿರಲಿಲ್ಲ.

ಇಷ್ಟೆಲ್ಲ ಒಳ್ಳೆಯದು ಬರೆದೆ. ಈಗ ನನ್ನ ಹುಳುಕನ್ನೂ ಬರೆಯಬೇಕು.

ಸೋಮವಾರ, ಗುರುವಾರ ಅವಳು ನನ್ನ ಬಸ್ಸಿನಲ್ಲೇ ಸೊರಬಕ್ಕೆ ಹೋಗಿ, ಅಲ್ಲಿಂದ ಉಳವಿಗೋ ಚಂದ್ರಗುತ್ತಿಗೋ ಮನೆ ಮನೆ ರೋಗಿಗಳನ್ನು ನೋಡಲು ಹೋಗುತ್ತಿದ್ದಳು. ಬಸ್ಸಿನಲ್ಲಿ ನಾನು ರಾಜ. ಬಾಯಿ ಬಿಟ್ಟರೆ ಐವತ್ತು ಜನ ನಗಬೇಕು, ಅದೇ ನನ್ನ ಚಟ. ಅವಳಿಗೆ ಕನ್ನಡದ ದೀರ್ಘ ಹ್ರಸ್ವ ಒಗ್ಗುತ್ತಿರಲಿಲ್ಲ. ಹಾಲು ಹಲ್ಲಾಗುತ್ತಿತ್ತು, ಕಾಲು ಕಲ್ಲಾಗುತ್ತಿತ್ತು. ಅಂಗಡಿಯಲ್ಲಿ ಅರ್ಧ ಲೀಟರ್ ಹಲ್ಲು ಕೇಳಿದ್ದಳು. ನಾನು ಅದನ್ನೇ ಹಿಡಿದುಕೊಂಡು, "ಬರ್ರೀ ಬರ್ರೀ, ಡಾಕ್ಟ್ರಮ್ಮನಿಗೆ ಜಾಗ ಬಿಡ್ರೀ. ನಿಮ್ಮ ಕಲ್ಲು ಎತ್ತಿಸ್ತಾಳೆ, ಅರ್ಧ ಲೀಟರ್ ಹಲ್ಲು ಕೊಡ್ತಾಳೆ!" ಅಂತ ದಿನಾ ಕೂಗುತ್ತಿದ್ದೆ. ಬಸ್ಸೆಲ್ಲ ಗೊಳ್ ಅನ್ನುತ್ತಿತ್ತು. ಮೊದಮೊದಲು ಅವಳೂ ನಕ್ಕಳು. ಆಮೇಲೆ ಕಿಟಕಿಯ ಕಡೆ ತಿರುಗಿ ಕೂರತೊಡಗಿದಳು. ಇನ್ನೂ ಆಮೇಲೆ ಬಸ್ಸಿನಲ್ಲಿ ಕನ್ನಡವನ್ನೇ ಬಿಟ್ಟಳು. ಟಿಕೆಟ್ಟಿಗೆ ಬೆರಳು ತೋರಿಸುವಳು, ಅಷ್ಟೇ. ನನಗೆ ಗೊತ್ತಾಗಲಿಲ್ಲ ಅಂದರೆ ಸುಳ್ಳು. ಗೊತ್ತಾಗಿಯೂ ಬಿಡಲಿಲ್ಲ.

ಕೆಲಸದಲ್ಲಿ ಅವಳ ಪದ್ಧತಿ ಬೇರೆ. ಮೇಡಂ ಹೇಳುತ್ತಿದ್ದ ಒಂದು ಕತೆ ಇದೆ. ಅವಳು ರೋಗಿಯ ಮುಂದೆ ನೆಲಕ್ಕೇ ಕೂತು ಪಾದ ಹಿಡಿದು ನೋಡುವಳು. ನಮ್ಮ ಕಡೆಯ ಮುದುಕರು, ಯಾರಾದರೂ ಕಾಲು ಮುಟ್ಟಿದರೆ ಕೈ ಎತ್ತಿ ತಲೆಯ ಮೇಲಿಟ್ಟು ಒಳ್ಳೇದಾಗಲಿ ಅನ್ನುವವರು. ಅವಳಿಗೆ ಇದೇನು ಗೊತ್ತು? ಮೊದಲ ವಾರದ ಪುಸ್ತಕದಲ್ಲಿ ನಾಲ್ಕು ರೋಗಿಗಳ ಹೆಸರಿನ ಮುಂದೆಯೂ 'ಪಾದ ಮುಟ್ಟಿದರೆ ಕೈ ತಾನಾಗಿ ಮೇಲೇಳುತ್ತದೆ, ಕಾರಣ ತಿಳಿಯದು' ಅಂತ ಬರೆದಿದ್ದಳಂತೆ. ಮೇಡಂ ನಕ್ಕು ನಕ್ಕು ಸುಸ್ತಾಗಿ, ಅದು ಕಾಯಿಲೆಯಲ್ಲ ಮಾರಾಯ್ತಿ, ಆಶೀರ್ವಾದ ಅಂತ ಬಿಡಿಸಿ ಹೇಳಿದರಂತೆ. ಇವಳು ನಗಲಿಲ್ಲ. "ಹಾಗಾದರೆ ಎತ್ತಕ್ಕೆ ಬರಲ್ಲ ಅಂದ ಕೈ ಎತ್ತಿದರಲ್ಲ, ಅವರಿಗೆ ಇದೇ ವ್ಯಾಯಾಮ" ಅಂದಳಂತೆ. ಅವತ್ತಿನಿಂದ ಕೈ ಎತ್ತದೆ ಹಟ ಮಾಡುವ ಮುದುಕಿಯರ ಕಾಲಿಗೆ ದಿನಕ್ಕೆ ಹತ್ತು ಸಲ ಬಿದ್ದು ಹತ್ತು ಸಲ ಕೈ ಎತ್ತಿಸುತ್ತಿದ್ದಳು. ಚಂದ್ರಗುತ್ತಿ ಕಡೆಯ ಒಬ್ಬ ಅಜ್ಜಿಯಂತೂ "ನಿನಗೆ ಆಶೀರ್ವಾದ ಮಾಡಿ ಮಾಡೀ ನನ್ನ ರಟ್ಟೆ ಬಿದ್ದುಹೋಯ್ತು ಕಣೇ" ಅಂತ ಬಯ್ದಳಂತೆ.

ಅವಳು ಬಂದು ಒಂದೂವರೆ ತಿಂಗಳಾಗಿರಬೇಕು. ಬೆಳಗಿನ ಟ್ರಿಪ್ಪು. ಉಡುತಡಿ ಕ್ರಾಸಿನಲ್ಲಿ ಜನ ಹತ್ತಿದರು. "ಎಲ್ಲಿಗೆ?" ಅಂತ ಕೇಳಬೇಕು, ನಾಲಿಗೆ ಏಳಲಿಲ್ಲ. ಬಲಗೈಯಿಂದ ಟಿಕೆಟ್ ಮೆಷಿನ್ ಜಾರಿತು. ಜನ ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡು ನಕ್ಕರು. ನಾನು ಕೆಳಗೆ ಕುಸಿದ ಮೇಲೆಯೇ ನಗು ನಿಂತದ್ದು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇಟ್ಟುಕೊಂಡು ಕಳಿಸಿದರು. ಬಲಗೈ, ಬಲಗಾಲು ನನ್ನವಲ್ಲ ಅನ್ನುವ ಹಾಗಾಗಿದ್ದವು. ಅದಕ್ಕಿಂತ ಹೆಚ್ಚು, ಮಾತು ಹೋಗಿತ್ತು. ಬೇರೆಯವರು ಆಡಿದ್ದು ತಿಳಿಯುತ್ತಿತ್ತು, ನನ್ನ ಮಾತು ಬರುತ್ತಿರಲಿಲ್ಲ. ನೀರು ಅನ್ನಲು ಹೋದರೆ ಬಾಯಿ "ಕೋಳಿ" ಅನ್ನುವುದು. ಬರೆಯೋಣವೆಂದರೆ ಅಕ್ಷರಗಳೂ ಎಲ್ಲೋ ಓಡಿಹೋಗಿದ್ದವು. ಬೇಡಬೇಡವೆಂದರೂ ಬರುತ್ತಿದ್ದದ್ದು ಬಸ್ಸಿನ ಮಾತುಗಳು ಮಾತ್ರ: "ಮುಂದೆ ಹೋಗ್ರೀ", "ಟಿಕೆಟ್ ಟಿಕೆಟ್", ಬಸ್ಸು ನಿಲ್ಲಿಸುವ "ಹೋಲ್ಡಾನ್." ಹೆಂಡತಿ ಅನ್ನ ಕಲಸಿ ತುತ್ತು ಹಿಡಿದರೆ, ಸಾಕು ಅನ್ನಲಾರದೆ "ಹೋಲ್ಡಾನ್" ಅನ್ನುತ್ತಿದ್ದೆ. ಅವಳು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋಗುವಳು, ನಗಲಿಕ್ಕೋ ಅಳಲಿಕ್ಕೋ ನನಗೆ ತಿಳಿಯದು.

ಆಗ ಬಂದಳು ನೋಡಿ ನಮ್ಮ ಮಾಳಿಗೆಯ ಹುಡುಗಿ. ಕೇಂದ್ರದಲ್ಲಿ ನನ್ನನ್ನು ಅವಳಿಗೇ ಒಪ್ಪಿಸಿದ್ದರು. ಮೊದಲ ದಿನ ನನ್ನ ಪಾದದ ಹತ್ತಿರ ಕೂತು, "ಅಂಕಲ್, ಇದು ಏನು?" ಅಂತ ನನ್ನ ಕಾಲು ಮುಟ್ಟಿದಳು. ಹೇಳಲು ನಾನು ಬೆವರಿದೆ. ಬಂದದ್ದು "ಕಲ್ಲು."

ದೇವರಾಣೆಗೂ ಹೇಳುತ್ತೇನೆ, ನೆಲ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಅವಳು ನಗಬಹುದಿತ್ತು. ಅವಳಿಗೆ ಹಕ್ಕಿತ್ತು. ನಾನು ಅವಳ ಮುಖ ನೋಡಲಾರದೆ ಗೋಡೆ ನೋಡಿದೆ. ಅವಳು ಬಹಳ ಗಂಭೀರವಾಗಿ, "ಹತ್ತಿರ ಬಂತು. ನಾನೂ ಹಾಗೇ ಹೇಳ್ತಿದ್ದೆ. ಸ್ವಲ್ಪ ಉದ್ದ ಮಾಡಿ, ಕಾ... ಕಾಲು" ಅಂದಳು. "ಕಾ" ಅಂದೆ. "ಕಾ" ಅಂದಳು. ಅಲ್ಲಿಂದ ಇಬ್ಬರೂ ಒಟ್ಟಿಗೆ ಕನ್ನಡ ಕಲಿತೆವು. ಬೆಳಗ್ಗೆ ಕೇಂದ್ರದಲ್ಲಿ ಕಾಲಿನ ಅಭ್ಯಾಸ; ಸಂಜೆ ಐದಕ್ಕೆ ಅವಳು ಬಂದು ಚಹಾ ಕುಡಿದ ಮೇಲೆ ನಮ್ಮ ಪಡಸಾಲೆಯಲ್ಲಿ ಮಾತಿನ ಅಭ್ಯಾಸ. ಚಮಚ, ಕದ, ಗೋಡೆ, ಮೊಣಕಾಲು. ಎರಡು ತಿಂಗಳಲ್ಲಿ ನನಗೆ ಬಿಡಿ ಬಿಡಿ ಪದಗಳು ಬಂದವು. ಒಂದನ್ನು ಹಿಡಿದರೆ ಇನ್ನೊಂದು ಕೈಗೆ ಸಿಗುತ್ತಿರಲಿಲ್ಲ, ವಾಕ್ಯ ಕೂಡುತ್ತಿರಲಿಲ್ಲ. ಅವಳ ಕನ್ನಡ ಮಾತ್ರ ನನ್ನದನ್ನು ದಾಟಿ ಮುಂದೆ ಹೋಗಿತ್ತು.

ಆದರೆ ಎಡ, ಬಲ ಮಾತ್ರ ಅವಳಿಗೆ ಕೊನೆತನಕ ಅದಲುಬದಲು. ಬಲಗಾಲು ಎತ್ತಿಸಬೇಕಾದಲ್ಲಿ ಎಡ ಅಂದುಬಿಡುತ್ತಿದ್ದಳು. ಮೇಡಂ, "ಅದ್ಯಾಕೆ ಒದ್ದಾಡ್ತೀಯ? ಲೆಫ್ಟ್ ರೈಟ್ ಅನ್ನು. ಇಲ್ಲಿ ಎಲ್ಲರಿಗೂ ಅರ್ಥವಾಗ್ತದೆ" ಅಂದಿದ್ದರು. ಅಲ್ಲೇ ಆದದ್ದು ಎಡವಟ್ಟು.

ಅವತ್ತು ಮೊದಲ ಸಲ, ಹಿಡಿದು ನಡೆಯುವ ಕಂಬಿ ಬಿಟ್ಟು, ಕೋಲು ಹಿಡಿದು ಕಾರಿಡಾರಿನಲ್ಲಿ ನಿಂತಿದ್ದೆ. ಸೊರಬದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ತಮ್ಮ ನನ್ನನ್ನು ನೋಡಲು ಬಂದವನು ಬಾಗಿಲಲ್ಲಿದ್ದ. ನನ್ನ ಸೊಂಟಕ್ಕೆ, ಬೀಳದಂತೆ ಹಿಡಿದುಕೊಳ್ಳಲು ಒಂದು ಅಗಲದ ಬೆಲ್ಟು, ಅದರ ಹಿಡಿಕೆ ಅವಳ ಕೈಯಲ್ಲಿ. ನನ್ನ ಬಲಪಾದ ಹೊರಳಿದೆಯೋ ಏನೋ ಅಂತ ನೋಡಲು ಅವಳು ಬೆಲ್ಟು ಬಿಟ್ಟು ಕೆಳಗೆ ಕೂತಳು. ಆ ಕಾಲು ಎತ್ತಲಿ ಅಂತ, ಪಾದವನ್ನೇ ನೋಡುತ್ತಾ ಅಂದಳು: "ರೈಟ್... ರೈಟ್."

ಮೂವತ್ತೊಂದು ವರ್ಷ ಆ ಮಾತಿಗೆ ನನ್ನ ಮೈ ಒಂದೇ ಅರ್ಥ ಕಲಿತಿತ್ತು. ರೈಟ್ ರೈಟ್ ಅಂದರೆ ಬಸ್ಸು ಹೊರಡಬೇಕು. ಬಲ ಯಾವುದು, ಎಡ ಯಾವುದು! ಕೋಲು ಕೈಬಿಟ್ಟೆ, ಹೊರಟೇಬಿಟ್ಟೆ. ಮೂರು ಹೆಜ್ಜೆ ಹೋದೆ. ನಾಲ್ಕನೆಯದಕ್ಕೆ ಮುಗ್ಗರಿಸಿ ಬಿದ್ದೆ. ಹುಬ್ಬು ಒಡೆದು ಮುಖವೆಲ್ಲ ರಕ್ತ.

ತಮ್ಮ ಓಡಿ ಬಂದ. ಅವನಿಗೆ ನಾನು ಅಣ್ಣನೂ ಹೌದು, ಅಪ್ಪನೂ ಹೌದು; ಅವನು ಕೂಗಾಡಿದ್ದರಲ್ಲಿ ತಪ್ಪಿಲ್ಲ. "ಅಣ್ಣ ಬೀಳೋವಾಗ ಇವಳು ನೆಲ ನೋಡ್ತಾ ಕೂತಿದ್ಲು! ನನ್ನ ಕಣ್ಣಾರೆ ಕಂಡೀನಿ! ಕಲಿಯೋ ಹುಡುಗ್ರ ಕೈಗೆ ನಮ್ಮ ಜೀವ ಕೊಡ್ತೀರೇನ್ರೀ?" ಅಂತ ಅಲ್ಲಿಯೇ ಕಾಗದ ಇಸಕೊಂಡು ದೂರು ಬರೆದುಕೊಟ್ಟ. ಅವಳನ್ನು ರೋಗಿಗಳ ಹತ್ತಿರ ಹೋಗದಂತೆ ನಿಲ್ಲಿಸಿದರು. ಶುಕ್ರವಾರ ದಾವಣಗೆರೆಯಿಂದ ಅವಳ ಕಾಲೇಜಿನ ಮೇಷ್ಟ್ರು ಬಂದು ವಿಚಾರಿಸುತ್ತಾರೆ, ಅಲ್ಲಿಯವರೆಗೆ ಐದು ದಿನ.

ಅಡುಗೆಮನೆಯಲ್ಲಿ ಅವಳು ನನ್ನ ಹೆಂಡತಿಗೆ ಹೇಳುತ್ತಿದ್ದದ್ದು ನನಗೆ ಕೇಳಿಸಿತು. ತಪ್ಪು ಅವಳದೇ ಅಂತಾದರೆ ಇಂಟರ್ನ್‌ಶಿಪ್ ರದ್ದು. ಇನ್ನೊಂದು ಸಲ ಮಾಡಲು ವೀಸಾ ಇಲ್ಲ. ನಾಲ್ಕು ವರ್ಷ ಓದಿದ್ದು ನೀರಿಗೆ ಹೋದಂತೆ, ಬರಿಗೈಯಲ್ಲಿ ತಾಯಿಯ ಮುಂದೆ ಹೋಗಿ ನಿಲ್ಲಬೇಕು. "ಬೆಲ್ಟ್ ಬಿಟ್ಟೆ ಅಮ್ಮ. ಆದರೆ ಅಂಕಲ್ ಯಾಕೆ ನಡೆದರು? ನಾನು ಕನ್ನಡ ಏನೋ ತಪ್ಪು ಹೇಳಿರಬೇಕು" ಅಂತ ಅತ್ತಳು. ಅವಳು ಹೇಳಿದ್ದು ಕನ್ನಡವೇ ಆಗಿರಲಿಲ್ಲ, ಪಾಪ. ಹೇಳಿದ್ದು ಅವಳು, ಕೇಳಿಸಿಕೊಂಡದ್ದು ಕಂಡಕ್ಟರು. ಇಡೀ ಭೂಮಿಯ ಮೇಲೆ ಅದು ಗೊತ್ತಿದ್ದವನು ನಾನೊಬ್ಬನೇ, ಆ ನನಗೆ ಬಾಯಿರಲಿಲ್ಲ.

ಐದು ದಿನ ನಾನು ಪಟ್ಟ ಪಾಡು ಶತ್ರುವಿಗೂ ಬೇಡ. ತಪ್ಪು ಅವಳದಲ್ಲ, ನಾನು ಕೇಳಿಸಿಕೊಂಡದ್ದೇ ಬೇರೆ. ಇಷ್ಟೇ ವಾಕ್ಯ. ಒಳಗೆ ಸರಿಯಾಗಿಯೇ ಇತ್ತು. ತುಟಿಗೆ ಬರುವಷ್ಟರಲ್ಲಿ "ಮುಂದೆ ಹೋಗ್ರೀ" ಆಗುತ್ತಿತ್ತು. ಹೆಂಡತಿ ಸ್ಲೇಟು ತಂದುಕೊಟ್ಟಳು. ಅಕ್ಷರ ಬರದೆ ಎಡಗೈಯಲ್ಲಿ ಬಸ್ಸಿನ ಚಿತ್ರ ಬರೆದೆ, ಎರಡು ಗಾಲಿ, ಒಂದು ಬಾಗಿಲು, ಬಾಗಿಲಲ್ಲಿ ಒಬ್ಬ ಮನುಷ್ಯ. ಅವಳು ಅದನ್ನು ನೋಡಿ, "ಬಸ್ಸಿಗೆ ಹೋಗ್ಬೇಕು ಅನ್ನಿಸ್ತದಾ ನಿಮಗೆ?" ಅಂತ ನನ್ನ ತಲೆ ಸವರಿ ಕಣ್ಣೊರೆಸಿಕೊಂಡಳು. ತಮ್ಮನಿಗೆ ಫೋನು ಮಾಡಿ ಹೇಳಿದಳು. ಅವನೂ ಅತ್ತನಂತೆ. ಸ್ಲೇಟನ್ನು ಗೋಡೆಗೆ ಎಸೆದೆ. ಅದಕ್ಕೆ ಅವರು, ರೋಗಿಗಳಿಗೆ ಸಿಟ್ಟು ಬರುವುದು ಸಹಜ ಅಂದುಕೊಂಡರು.

ಶುಕ್ರವಾರ ಕೇಂದ್ರದ ಸಣ್ಣ ಕೋಣೆಯಲ್ಲಿ ಎಲ್ಲರೂ ಸೇರಿದರು. ಮೇಷ್ಟ್ರು ಸೌಮ್ಯ ಮನುಷ್ಯ, ಕನ್ನಡಕ ಒರೆಸಿಕೊಳ್ಳುತ್ತಾ ಮಾತಾಡುವವರು. ಅವಳನ್ನು ಕೇಳಿದರು. ಒಗೆದು ಇಸ್ತ್ರಿ ಮಾಡಿದ ಕೋಟಿನಲ್ಲಿ ನೆಟ್ಟಗೆ ನಿಂತು, "ಹೌದು ಸರ್, ನಾನು ಬೆಲ್ಟ್ ಬಿಟ್ಟಿದ್ದೆ. ತಪ್ಪು ನನ್ನದು" ಅಂದಳು. ಎಂಥ ಹುಚ್ಚು ಹುಡುಗಿ! ಒಂದು ನೆವ ಹೇಳಬಾರದಿತ್ತೇ? ಮೇಷ್ಟ್ರು ನನ್ನ ಕಡೆ ತಿರುಗಿ, "ಯಜಮಾನ್ರೇ, ನೀವು ಏನಾದ್ರೂ ಹೇಳೋದಿದೆಯಾ?" ಅಂದರು. ಬಾಯಿ ತೆರೆದೆ. "ಮುಂದೆ... ಮುಂದೆ ಹೋಗ್ರೀ." ಇನ್ನೊಮ್ಮೆ ಯತ್ನಿಸಿದೆ. "ಟಿಕೆಟ್." ತಮ್ಮ ತಲೆ ತಗ್ಗಿಸಿದ. "ಇರ್ಲಿ ಬಿಡಿ, ತ್ರಾಸು ತಗೋಬೇಡಿ" ಅಂತ ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು.

ಪೆನ್ನು ಕಾಗದಕ್ಕೆ ತಾಗುವುದರೊಳಗೆ ಎದ್ದೆ. ಕೋಲು ಊರಿಕೊಂಡು ಕಾರಿಡಾರಿಗೆ ನಡೆದೆ. ಎಲ್ಲರೂ ಗಾಬರಿಯಿಂದ ಹಿಂದೆ ಬಂದರು. ನನ್ನ ಸೊಂಟದ ಬೆಲ್ಟು ಹಿಡಿಯಲು ಮೇಡಂಗೆ ಸನ್ನೆ ಮಾಡಿದೆ. ಅವಳಿಗೆ ಅವತ್ತು ಕೂತಿದ್ದ ಜಾಗ ಬೆರಳಿನಿಂದ ತೋರಿಸಿದೆ. ಅವಳು ಹೆದರುತ್ತಲೇ ಕೂತಳು. ಅವಳ ಬಾಯಿ ತೋರಿಸಿ, ನನ್ನ ಕಿವಿ ತೋರಿಸಿದೆ. ಹೇಳು, ಅವತ್ತು ಹೇಳಿದ್ದು ಹೇಳು ಅಂತ. ತಡವಾಗಿ ತಿಳಿಯಿತು ಅವಳಿಗೆ. ಪಿಸುಗುಟ್ಟಿದಳು: "ರೈಟ್." ತಲೆ ಅಲ್ಲಾಡಿಸಿದೆ, ಜೋರಾಗಿ ಅಂತ. "ರೈಟ್... ರೈಟ್!"

ಕೋಲು ಬಿಸಾಕಿ ಎಡಗೈಯಲ್ಲಿ ಗೋಡೆಗೆ ಎರಡು ಸಲ ಬಡಿದೆ, ಬಸ್ಸಿನ ಮೈಗೆ ಬಡಿಯುವ ಹಾಗೆ. "ರೈಟ್ ರೈಟ್!" ಅಂತ ನನ್ನ ಹಳೆಯ ಗಂಟಲಿನಲ್ಲಿ ಕೂಗಿ ಹೊರಟೆ. ಒಂದು, ಎರಡು, ಮೂರು, ನಾಲ್ಕು, ಐದು ಹೆಜ್ಜೆ. ಮೇಡಂ ಬೆಲ್ಟು ಹಿಡಿದು ಹಿಂದೆಯೇ ಓಡಿಬಂದರು. ಆಮೇಲೆ "ಹೋಲ್ಡಾನ್!" ಅಂದು ನಿಂತೆ.

ಮೊದಲು ಬಾಯಿ ಬಿಟ್ಟವನು ನನ್ನ ತಮ್ಮ. ಚಿಕ್ಕಂದಿನಿಂದ ನನ್ನ ಬಸ್ಸಿನ ಫುಟ್‌ಬೋರ್ಡಿನ ಮೇಲೆ ಬೆಳೆದವನು. ಹಣೆ ಹಣೆ ಬಡಿದುಕೊಂಡು, "ಅಯ್ಯೋ ಅಣ್ಣಾ! ಬಸ್ ಬಿಟ್ಟಿಯೇನೋ ನೀನು!" ಅಂದ. ಮೇಷ್ಟ್ರ ಕಡೆ ತಿರುಗಿ, "ಸಾರ್, ಇವ್ರಿಗೆ ರೈಟ್ ಅಂದ್ರೆ ಬಲಗಾಲಲ್ಲ ಸಾರ್, ಹೊರಡು ಅಂತ! ಜೀವಮಾನ ಎಲ್ಲ ಅದನ್ನೇ ಕೂಗಿರೋ ಮನುಷ್ಯ. ನಂಗಾದ್ರೂ ಹೊಳೀಬಾರದಿತ್ತಾ?" ಅಂತ ತನ್ನ ದೂರಿನ ಕಾಗದ ತಾನೇ ಕೇಳಿ ಇಸಕೊಂಡ. ಮೇಡಂ, "ರೈಟ್ ಲೆಫ್ಟ್ ಅನ್ನು ಅಂತ ಹೇಳಿಕೊಟ್ಟದ್ದೇ ನಾನು" ಅಂದರು. ಮೇಷ್ಟ್ರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಬೆಲ್ಟು ಬಿಟ್ಟದ್ದು ತಪ್ಪೇ, ಅದಕ್ಕೆ ಹದಿನೈದು ದಿನ ಹೆಚ್ಚು ಕೆಲಸ ಮಾಡಬೇಕು. ಇಂಟರ್ನ್‌ಶಿಪ್ ರದ್ದಿಲ್ಲ ಅಂದರು. ಹೋಗುವಾಗ, "ಐದು ಹೆಜ್ಜೆ ನಡೆದ್ರಲ್ಲ, ಅದನ್ನೂ ಪುಸ್ತಕದಲ್ಲಿ ಬರೀಮ್ಮ" ಅಂದರು.

ಆ ಹದಿನೈದು ದಿನವನ್ನೂ ಸೇರಿಸಿ ಮುಗಿಸಿಯೇ ಹೋದಳು. ಡಿಗ್ರಿ ಬಂತು. ಈಗ ಅವಳ ಊರಿನ ಆಸ್ಪತ್ರೆಯಲ್ಲಿದ್ದಾಳೆ. ಅವಳು ಬಸ್ಸು ಹತ್ತಿದ ದಿನದ ಬಗ್ಗೆ ಬರೆಯುವುದಿಲ್ಲ, ನನ್ನ ಕೈಲಾಗದು. ಹೊಸ ಬ್ಯಾಚಿನ ಮಕ್ಕಳಿಗೆ ಹೇಳಬೇಕೆಂದಿದ್ದದ್ದು ಆ ಶುಕ್ರವಾರದ ಸಂಜೆಯದು.

ಎಲ್ಲರೂ ಹೋಗಿದ್ದರು. ನಾನು ಪಡಸಾಲೆಯ ಕಟ್ಟೆಯ ಮೇಲೆ ಕೂತಿದ್ದೆ. ಒಳಗೆ ಹೆಂಡತಿ ಪಾತ್ರೆ ತೊಳೆಯುತ್ತಿದ್ದಳು. ಹುಡುಗಿ ಚಹಾದ ಲೋಟ ಹಿಡಿದು ಬಂದವಳು ಕೂರಲಿಲ್ಲ. ಖುಷಿಯಾಗಿರುತ್ತಾಳೆ ಅಂದುಕೊಂಡರೆ, ಕಣ್ಣು ಕೆಂಪು ಮಾಡಿಕೊಂಡು ನನ್ನ ಮೇಲೆ ಎರಗಿದಳು. "ಅಂಕಲ್, ನಿಮಗೆ ತಲೆ ಇದೆಯಾ? ಹುಬ್ಬಿನ ಹೊಲಿಗೆ ಇನ್ನೂ ಬಿಚ್ಚಿಲ್ಲ. ನನಗೋಸ್ಕರ ಕೋಲು ಬಿಟ್ಟು ನಡೀತೀರಾ? ಮತ್ತೆ ಬಿದ್ದಿದ್ರೆ? ಹೇಳಿ, ಬಿದ್ದಿದ್ರೆ ಏನ್ ಮಾಡ್ತಿದ್ರಿ?" ಅವಳಿಗೆ ಸಿಟ್ಟು ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಸಿಟ್ಟಿನಲ್ಲಿ ಅವಳ ಕನ್ನಡದಲ್ಲಿ ಒಂದು ತಪ್ಪೂ ಇರಲಿಲ್ಲ.

ಐದು ದಿನ ಎಳೆದು ಎಳೆದು ಬಾರದ್ದು, ಎಳೆಯದೇ ಇದ್ದಾಗ ತಾನಾಗಿ ಬಂತು.

"ಬಿದ್ರೆ ಎತ್ತಾಕೆ ನೀನಿದ್ದೀಯಲ್ಲ ತಂಗೀ."

ಒಳಗೆ ಪಾತ್ರೆಯ ಸದ್ದು ನಿಂತಿತು. ಹೆಂಡತಿ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಎರಡೂವರೆ ತಿಂಗಳಲ್ಲಿ ನನ್ನ ಬಾಯಿಂದ ಹೊರಟ ಮೊದಲ ಇಡೀ ವಾಕ್ಯ ಅದು, ನನ್ನದೇ ವಾಕ್ಯ. ಹುಡುಗಿ ಹುಬ್ಬು ಗಂಟಿಕ್ಕಿಕೊಂಡು ನನ್ನನ್ನೇ ನೋಡಿದಳು.

"ಏನು ಅಂಕಲ್? ತುಂಬಾ ಫಾಸ್ಟ್ ಹೇಳಿದ್ರಿ, ನನಗೆ ಗೊತ್ತಾಗಲಿಲ್ಲ. ಇನ್ನೊಂದ್ಸಲ ಹೇಳ್ತೀರಾ, ನಿಧಾನಕ್ಕೆ?"

ಹೇಳಿದೆ. ನಿಧಾನಕ್ಕೆ.